ನೆರೆಮನೆಯ ಕಿರಿಕಿರಿಯನ್ನು ಜಗಳವಿಲ್ಲದೆ ಬಗೆಹರಿಸಿಕೊಳ್ಳುವ ಬಗೆ

ಕಲಬುರಗಿಯಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಮುಚ್ಚಿದ್ದ ಕಿಟಕಿಗಳು ತೆರೆಯುತ್ತವೆ, ಗೋಡೆಗಳಿಗೆ ಕೂಲರ್‌ಗಳು ಹತ್ತುತ್ತವೆ, ಹಾಸಿಗೆಗಳು ಮಾಳಿಗೆಗೆ ಏರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಬಿಸಿ 42 ಡಿಗ್ರಿ ದಾಟುವುದು ಹೊಸದೇನಲ್ಲದ ಈ ಊರಿನಲ್ಲಿ, ಚಳಿಗಾಲದುದ್ದಕ್ಕೂ ಬಾಗಿಲಿನಾಚೆಯೇ ಉಳಿದಿದ್ದ ಪಕ್ಕದ ಮನೆಯ ಸದ್ದು, ಹೊಗೆ, ಮಾತುಕತೆಗಳು ಬೇಸಿಗೆಯಲ್ಲಿ ನೇರವಾಗಿ ನಮ್ಮ ತಲೆದಿಂಬಿನ ಬಳಿಗೆ ಬರುತ್ತವೆ. ಬ್ರಹ್ಮಪುರ, ಶಹಾಬಜಾರಿನಂತಹ ಹಳೆಯ ಬಡಾವಣೆಗಳ ಓಣಿಗಳಲ್ಲಿ ಎರಡು ಮನೆಗಳಿಗೆ ಒಂದೇ ನಡುಗೋಡೆ ಇರುವುದು ಸಾಮಾನ್ಯವಾದ್ದರಿಂದ, ಅಲ್ಲಿ ಒಬ್ಬರ ಅನುಕೂಲ ಇನ್ನೊಬ್ಬರ ನಿದ್ದೆಗೆಡಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇಂತಹ ಸಣ್ಣ ಕಿರಿಕಿರಿಗಳ ಬಗ್ಗೆ ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ಹೇಳಬೇಕು ಮತ್ತು ಹೇಳಿದರೂ ಕೇಳದಿದ್ದಾಗ ಏನು ಮಾಡಬೇಕು ಎಂಬುದನ್ನು ನಾನು ಕಂಡುಂಡ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸವೆಂದರೆ ಕಿರಿಕಿರಿ ನಿಖರವಾಗಿ ಯಾವುದು ಎಂದು ಗುರುತಿಸಿಕೊಳ್ಳುವುದು. "ಅವರ ಮನೆಯವರದು ಬಹಳ ಗದ್ದಲ" ಎಂಬುದು ದೂರಾಯಿತೇ ಹೊರತು, ಯಾರೂ ಸರಿಪಡಿಸಬಹುದಾದ ಸಂಗತಿಯಾಗಲಿಲ್ಲ. "ರಾತ್ರಿ ಹನ್ನೊಂದರ ನಂತರ ನಡುಗೋಡೆ ನಡುಗುತ್ತದೆ" ಎಂದರೆ ಅದಕ್ಕೆ ಕಾರಣವೂ ಸಿಗುತ್ತದೆ, ಪರಿಹಾರವೂ ಸಿಗುತ್ತದೆ. ಆದ್ದರಿಂದ ಒಂದು ವಾರ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದಿನ, ಸಮಯ, ಸದ್ದಿನ ಬಗೆ, ಅದು ಎಷ್ಟು ಹೊತ್ತು ಇತ್ತು ಎಂಬುದನ್ನು ಬರೆದಿಡಿ. ನಾನು ಹೀಗೆ ಬರೆದಿಟ್ಟಾಗ, ದಿನವೂ ನಡೆಯುತ್ತದೆಂದು ನಂಬಿದ್ದ ಒಂದು ತೊಂದರೆ ವಾರಕ್ಕೆ ಎರಡೇ ಸಲ, ಅದೂ ನಳದ ನೀರು ಬಿಡುವ ದಿನಗಳಲ್ಲಿ ಮಾತ್ರ ಆಗುತ್ತಿದೆ ಎಂದು ತಿಳಿಯಿತು. ಆ ತಿಳಿವಳಿಕೆಯಿಂದಲೇ ನನ್ನ ಅರ್ಧ ಸಿಟ್ಟು ಇಳಿಯಿತು.

ಎರಡನೆಯದು ಹೇಳುವ ಹೊತ್ತು. ರಾತ್ರಿ ನಿದ್ದೆಗೆಟ್ಟು ಎದ್ದ ಕ್ಷಣದಲ್ಲಿ ಹೋಗಿ ಬಾಗಿಲು ಬಡಿಯಬಾರದು. ಆಗ ನಮ್ಮ ಬಾಯಿಂದ ಬರುವ ಮಾತು ಮರುದಿನ ನಮಗೇ ನಾಚಿಕೆ ತರುತ್ತದೆ. ಮನೆಯಲ್ಲಿ ನೆಂಟರು ಬಂದಿರುವಾಗ, ಹಬ್ಬದ ದಿನ, ಓಣಿಯ ನಾಲ್ಕು ಜನರ ಎದುರಿಗೆ ಈ ಮಾತನ್ನು ಎತ್ತಲೇಬಾರದು, ಏಕೆಂದರೆ ಹತ್ತು ಜನರ ಮುಂದೆ ತಪ್ಪೊಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು ಹೇಳದೆ ಕುಟುಕುವುದನ್ನಂತೂ ನಾನು ಬಲವಾಗಿ ವಿರೋಧಿಸುತ್ತೇನೆ. ಅದರಿಂದ ತಪ್ಪು ಮಾಡದವರಿಗೂ ನೋವಾಗುತ್ತದೆ. ಬೆಳಿಗ್ಗೆ ಚಹಾ ಮುಗಿದ ಮೇಲೆ ಅಥವಾ ಸಂಜೆ ಬಿಸಿಲು ಇಳಿದು ಹಿರಿಯರು ಕಟ್ಟೆಯ ಮೇಲೆ ಕೂತಿರುವಾಗ ಹೋಗುವುದು ಒಳ್ಳೆಯದು. ಮನೆಯಲ್ಲಿ ಯಾರ ಮಾತು ನಡೆಯುತ್ತದೆಯೋ ಅವರನ್ನೇ ಕಾಣಬೇಕು. ನಮ್ಮ ಕಡೆ ಕಾಕಾ, ಕಾಕು, ಅಣ್ಣಾ, ಅಕ್ಕಾ, ಚಾಚಾ, ಭಾಯಿ ಎಂಬ ಸಂಬೋಧನೆಗಳಿಗೆ ಇನ್ನೂ ಬಹಳ ಬೆಲೆಯಿದೆ. ಪಕ್ಕದವರು ಮನೆಯಲ್ಲಿ ದಖನಿ ಮಾತನಾಡುವವರಾದರೆ ನಮಗೆ ಬರುವಷ್ಟು ದಖನಿಯಲ್ಲಿ ಮಾತು ಶುರುಮಾಡಿದರೂ ಎದುರಿನವರ ಮುಖ ಸಡಿಲಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹೋದಾಗ ಒಂದೇ ವಿಷಯ ಹೇಳಿ. ಕೂಲರಿನ ಮಾತಿಗೆ ಹೋದವರು ಹೋದ ವರ್ಷದ ಕಸ, ಅದರ ಹಿಂದಿನ ವರ್ಷದ ಮಕ್ಕಳ ಚೆಂಡು ಎಲ್ಲವನ್ನೂ ಎಳೆದು ತಂದರೆ, ಎದುರಿನವರೂ ತಮ್ಮ ಲೆಕ್ಕ ತೆಗೆಯುತ್ತಾರೆ.

ಇನ್ನು ಬೇಸಿಗೆಯ ಮುಖ್ಯ ತೊಂದರೆಯಾದ ಕೂಲರಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ತಗಡಿನ ಕೂಲರ್ ನಮ್ಮ ಮಲಗುವ ಕೋಣೆಯ ಗೋಡೆಗೆ ತಾಗಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಒಂದು ತಿಂಗಳು ನಾನು ಏನೂ ಹೇಳದೆ, ಕಿಟಕಿಯನ್ನು ಜೋರಾಗಿ ಮುಚ್ಚಿ ನನ್ನ ಅಸಮಾಧಾನವನ್ನು ತಿಳಿಸುತ್ತಿದ್ದೇನೆಂದು ಭಾವಿಸಿದ್ದೆ. ಕೊನೆಗೆ ಹೋಗಿ ಹೇಳಿದ್ದು ಇಷ್ಟು: "ಕಾಕಾ, ಕೂಲರಿನ ಸ್ಟ್ಯಾಂಡ್ ನಮ್ ಗ್ವಾಡಿಗಿ ಹತ್ಯಾದ್ರಿ. ರಾತ್ರಿ ಗ್ವಾಡಿ ಪೂರಾ ಗುಂಯ್ ಅಂತದ, ಅವ್ವಗ ನಿದ್ದಿ ಹತ್ತವಲ್ದು. ಕಾಲ ಕೆಳಗ ರಬ್ಬರ್ ಇಡಮ್ರಿ, ನಾನೇ ತರ್ತೀನಿ." ಅವರು ನಿಜವಾಗಿಯೂ ಬೆರಗಾದರು. ಆ ಕೂಲರ್ ಕಾಯಿಲೆಯಾಗಿದ್ದ ಅವರ ತಾಯಿಗಾಗಿ ಹಚ್ಚಿದ್ದು. ಅವರು ಸ್ವತಃ ಪ್ರತಿ ರಾತ್ರಿ ಮಾಳಿಗೆಯ ಮೇಲೆ ಮಲಗುತ್ತಿದ್ದರು, ಆ ಸದ್ದು ಅವರ ಕಿವಿಗೆ ಬಿದ್ದೇ ಇರಲಿಲ್ಲ. ನನ್ನ ಕಿಟಕಿಯ ಸದ್ದನ್ನೂ ಅವರು ಕೇಳಿರಲಿಲ್ಲ. ಮರುದಿನ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು.

ಆ ಅರ್ಧ ಗಂಟೆಯ ಕೆಲಸ ಏನೆಂದು ವಿವರವಾಗಿ ಹೇಳುತ್ತೇನೆ, ಏಕೆಂದರೆ ಪರಿಹಾರವನ್ನು ಕೈಯಲ್ಲಿ ಹಿಡಿದು ಹೋದವರ ಮಾತನ್ನು ಜನ ಬೇಗ ಕೇಳುತ್ತಾರೆ. ಕೂಲರಿನ ಸದ್ದಿನಲ್ಲಿ ಗಾಳಿಯ ಸದ್ದು ಒಂದು ಭಾಗ ಮಾತ್ರ. ನಿದ್ದೆ ಕೆಡಿಸುವುದು ಹೆಚ್ಚಾಗಿ ನಡುಕದ ಸದ್ದು. ಸ್ಟ್ಯಾಂಡ್ ಗೋಡೆಗೆ ತಾಗಿದ್ದರೆ ಮೊದಲು ಅದನ್ನು ಎರಡು ಬೆರಳಿನಷ್ಟಾದರೂ ದೂರ ಸರಿಸಬೇಕು, ನಂತರ ಕಾಲುಗಳ ಕೆಳಗೆ ದಪ್ಪ ರಬ್ಬರ್, ಸಿಗದಿದ್ದರೆ ಹಳೆಯ ಟಯರಿನ ತುಂಡುಗಳನ್ನು ಇಡಬೇಕು. ತಗಡಿನ ಬದಿಗಳ ಸ್ಕ್ರೂಗಳು ಸಡಿಲಾಗಿದ್ದರೆ ಬಿಗಿಮಾಡಬೇಕು. ನಮ್ಮ ಕಡೆಯ ಬೋರ್ ನೀರು ಗಡಸಾದ್ದರಿಂದ ಫ್ಯಾನಿನ ರೆಕ್ಕೆಗಳ ಮೇಲೆ ಧೂಳಿನೊಂದಿಗೆ ಬಿಳಿ ಉಪ್ಪು ಗಟ್ಟಿಯಾಗಿ ಕೂರುತ್ತದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಭಾರವಾದಾಗ ಫ್ಯಾನ್ ತೂಕ ತಪ್ಪಿ ತಿರುಗಿ ಇಡೀ ಪೆಟ್ಟಿಗೆಯನ್ನು ಅಲ್ಲಾಡಿಸುತ್ತದೆ. ಪ್ಲಗ್ ತೆಗೆದು, ರೆಕ್ಕೆಗಳನ್ನು ಒದ್ದೆ ಬಟ್ಟೆಯಿಂದ ಉಜ್ಜಿ, ಎಣ್ಣೆ ಬಿಡುವ ಬಗೆಯ ಮೋಟಾರಾದರೆ ಎರಡು ಹನಿ ಎಣ್ಣೆ ಬಿಟ್ಟರೆ ಬಹಳಷ್ಟು ಸದ್ದು ಅಲ್ಲಿಗೇ ನಿಲ್ಲುತ್ತದೆ. ಅದೇ ಹೊತ್ತಿನಲ್ಲಿ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜುವ ಮಾತನ್ನೂ ಆಡಿಕೊಳ್ಳಬಹುದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂತಹ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆ ಸೊಳ್ಳೆಗೆ ನಡುಗೋಡೆಯ ಲೆಕ್ಕವಿಲ್ಲ.

ನೀರಿನ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಭೀಮಾ ಮತ್ತು ಬೆಣ್ಣೆತೊರಾ ನದಿಗಳಿಂದ ಬರುವ ನೀರು ಎಲ್ಲ ಓಣಿಗಳಿಗೂ ದಿನವೂ ಸಿಗದ ಕಾರಣ, ನಳ ಬಂದ ಹೊತ್ತಿನಲ್ಲಿ ಯಾರಾದರೊಬ್ಬರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿದರೆ ಓಣಿಯ ಕೊನೆಯ ಮನೆಯವರ ಕೊಡಕ್ಕೆ ಹನಿ ನೀರೂ ಬೀಳುವುದಿಲ್ಲ. ಕರೆಂಟ್ ಹೋದ ಕೂಡಲೇ ನಮ್ಮ ನಳಕ್ಕೆ ನೀರು ಜೋರಾಗಿ ಬಂತೆಂದರೆ ಓಣಿಯಲ್ಲಿ ಎಲ್ಲೋ ಮೋಟಾರ್ ನಡೆಯುತ್ತಿತ್ತು ಎಂದೇ ತಿಳಿಯಬಹುದು. ಇಲ್ಲಿ "ನಮ್ಮ ನೀರು ಕದಿಯುತ್ತೀರಿ" ಎಂಬ ಮಾತಿನಿಂದ ಶುರುಮಾಡಿದರೆ ಮುಂದಿನ ಮಾತೇ ಉಳಿಯುವುದಿಲ್ಲ. ನಾನು ಕಂಡಂತೆ ಹೆಚ್ಚು ನಾಟುವುದು ಆರೋಗ್ಯದ ಮಾತು: ಮೋಟಾರ್ ಎಳೆಯುವಾಗ ಪೈಪಿನೊಳಗಿನ ಒತ್ತಡ ಕುಸಿಯುತ್ತದೆ, ಎಲ್ಲಾದರೂ ಜೋಡಣೆ ಸೋರುತ್ತಿದ್ದರೆ ಪಕ್ಕದ ಚರಂಡಿಯ ಕೊಳೆ ಅದೇ ಸಂದಿನಿಂದ ಒಳಗೆ ಸೇರುತ್ತದೆ, ಆ ನೀರು ಮೊದಲು ಹೋಗುವುದು ಮೋಟಾರ್ ಹಚ್ಚಿದವರ ಮನೆಗೇ. ನಳದ ನೀರು ತಾನಾಗಿ ನೆಲದ ಸಂಪಿಗೆ ಬೀಳಲಿ, ಸಂಪಿನಿಂದ ಮೇಲಿನ ಟಾಕಿಗೆ ಬೇಕಿದ್ದರೆ ಮೋಟಾರ್ ಹಚ್ಚಲಿ. ಸಂಪು ಕಟ್ಟಿಸಲು ಜಾಗವಾಗಲಿ ಹಣವಾಗಲಿ ಇಲ್ಲದ ಮನೆಯವರಿಗೆ ನೆಲದ ಮೇಲೆ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟರೂ ನಡೆಯುತ್ತದೆ. ಓಣಿಯ ನಾಲ್ಕೈದು ಮನೆಯ ಹಿರಿಯರು, ಅದರಲ್ಲೂ ನೀರು ತುಂಬುವ ಹೆಂಗಸರು ಕೂತು ಈ ಒಂದು ನಿಯಮವನ್ನು ಒಪ್ಪಿಕೊಂಡರೆ ಸಾಕು. ಗಂಡಸರಷ್ಟೇ ಕೂತು ಮಾಡಿದ ಒಪ್ಪಂದ ನೀರು ಬಂದ ಮೊದಲ ದಿನವೇ ಮುರಿದದ್ದನ್ನು ನಾನು ನೋಡಿದ್ದೇನೆ. ಒಪ್ಪದವರ ವಿಷಯವನ್ನು ನೀರು ಸರಬರಾಜು ನೋಡಿಕೊಳ್ಳುವ ಕಚೇರಿಗೆ ಬರೆದುಕೊಡಬಹುದು, ನಳಕ್ಕೆ ನೇರವಾಗಿ ಮೋಟಾರ್ ಹಚ್ಚಲು ಅನುಮತಿಯಿಲ್ಲ.

ಗೇಟಿಗೆ ಅಡ್ಡ ಬೈಕ್ ನಿಲ್ಲಿಸುವವರಲ್ಲಿ ಹೆಚ್ಚಿನವರು ಪಕ್ಕದ ಮನೆಯವರಲ್ಲ, ಅವರ ಮನೆಗೆ ಬಂದವರು. ಗೇಟಿನ ಮೇಲೆ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಬೈಗುಳವಿಲ್ಲದೆ, "ರಾತ್ರಿಯೂ ಗಾಡಿ ಹೊರಗೆ ತೆಗೆಯುತ್ತೇವೆ, ದಯವಿಟ್ಟು ದಾರಿ ಬಿಡಿ" ಎಂದು ಕನ್ನಡ, ಉರ್ದು ಎರಡರಲ್ಲೂ ಬರೆಸಿದರೆ ಬಹುತೇಕ ಕೆಲಸ ಆಗುತ್ತದೆ. ಮನೆ ಮುಂದೆ ತಂದು ಸುರಿಯುವ ಕಸಕ್ಕೆ, ಮೆಟ್ಟಿಲ ಮೂಲೆಯ ಗುಟ್ಕಾ ಕಲೆಗೆ ನನಗೆ ತಿಳಿದ ಒಂದೇ ಉಪಾಯವೆಂದರೆ ಆ ಜಾಗವನ್ನು ತೊಳೆದು, ಬೆಳಕು ಹಾಕಿ, ಅಲ್ಲೊಂದು ತುಳಸಿಯ ಕುಂಡ ಇಡುವುದು.

ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಚ್ಚಿ ಕೂರುವವರ ವಿಷಯ ಬೇರೆ, ಏಕೆಂದರೆ ಅವರೊಂದಿಗೆ ನಾವು ಬಾಳಬೇಕಾಗಿಲ್ಲ, ಬೀದರ್ ಅಥವಾ ಯಾದಗಿರಿ ಬರುವವರೆಗೆ ಜೊತೆಗೆ ಕೂರಬೇಕು ಅಷ್ಟೇ. "ಅಣ್ಣಾ, ಸೌಂಡ್ ಜರಾ ಕಮ್ಮಿ ಮಾಡ್ರಿ, ತಲಿ ನೋಯ್ಲತ್ತದ" ಎಂದು ಮೆಲ್ಲಗೆ ಹೇಳಿದರೆ ಹೆಚ್ಚಿನವರು ಕೇಳುತ್ತಾರೆ. ಕೇಳದಿದ್ದರೆ ವಾದಕ್ಕಿಳಿಯದೆ ಕಂಡಕ್ಟರಿಗೆ ಹೇಳಬೇಕು. ಬಸ್ಸಿನೊಳಗೆ ಮೊಬೈಲಿನ ಸ್ಪೀಕರ್ ಜೋರಾಗಿ ಹಚ್ಚುವುದನ್ನು ತಡೆಯಬೇಕೆಂದು ಕರ್ನಾಟಕ ಹೈಕೋರ್ಟ್ 2021ರ ನವೆಂಬರ್‌ನಲ್ಲಿ ಸೂಚಿಸಿದೆ; ಹೇಳಿದರೂ ನಿಲ್ಲಿಸದ ಪ್ರಯಾಣಿಕರನ್ನು ಕೆಳಗಿಳಿಸಲು ಕಂಡಕ್ಟರಿಗೆ ಅವಕಾಶವಿದೆ. ಹೆಂಗಸರು ಒಬ್ಬರೇ ಪ್ರಯಾಣಿಸುವಾಗ ಮೊದಲ ಹೆಜ್ಜೆಯನ್ನೂ ಕಂಡಕ್ಟರ್ ಮೂಲಕವೇ ಇಡುವುದು ಕ್ಷೇಮ ಎಂದು ನನ್ನ ಅನಿಸಿಕೆ.

ಮದುವೆಯ ಡಿಜೆ ಮತ್ತು ಧ್ವನಿವರ್ಧಕಗಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ, ಆದರೆ ಅದನ್ನು ತಿಳಿದವರು ಕಡಿಮೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ವರ್ಷದಲ್ಲಿ 15 ದಿನಗಳ ಮಿತಿಯೊಳಗೆ ರಾತ್ರಿ ಹನ್ನೆರಡರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಗುರುತಿಸಲು ಅವಕಾಶವಿದೆ. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳು ಅಂದಾಜಿಗೆ ಮಾತ್ರ ಸರಿ. ಆದರೂ ಹತ್ತು ಡೆಸಿಬಲ್ ಹೆಚ್ಚಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟಾದಂತೆ ಕೇಳುತ್ತದೆ ಎಂಬುದನ್ನು ನೆನಪಿಟ್ಟರೆ ಆ ಅಂಕಿಗಳ ಅರ್ಥ ತಿಳಿಯುತ್ತದೆ. ಮದುವೆ ಮನೆಯವರಿಗೆ ಹೇಳುವುದಾದರೆ ಹಿಂದಿನ ದಿನವೇ ಹೋಗಿ, ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದೆ, ಹತ್ತಕ್ಕೆ ನಿಲ್ಲಿಸಿದರೆ ಉಪಕಾರವಾಗುತ್ತದೆ ಎಂದು ಕೇಳಿಕೊಳ್ಳಿ. ಮೆರವಣಿಗೆ ಹೊರಟು ಹುಡುಗರು ಕುಣಿಯುತ್ತಿರುವಾಗ ನಡುವೆ ಹೋಗಿ ನಿಲ್ಲಬೇಡಿ; ಆಗ 112ಕ್ಕೆ ಕರೆ ಮಾಡಿ ಜಾಗ ಮತ್ತು ಸಮಯ ಹೇಳುವುದೇ ಸರಿ.

ಎರಡು ಸಲ ಮಾತಿನಲ್ಲಿ ಹೇಳಿದ ಮೇಲೂ ತೊಂದರೆ ಮುಂದುವರಿದರೆ ಮೂರನೆಯ ಸಲ ಬರವಣಿಗೆಗೆ ಇಳಿಯಬೇಕು. ಮೊದಲು ಬರೆದಿಟ್ಟ ಕ್ಯಾಲೆಂಡರಿನ ಹಾಳೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಪುಟದಲ್ಲಿ, ದಿನಾಂಕಗಳೊಂದಿಗೆ, ವಿಶೇಷಣಗಳಿಲ್ಲದೆ ಬರೆದು, ಓಣಿಯ ಇನ್ನೆರಡು ಮನೆಯವರ ಸಹಿಯನ್ನೂ ಹಾಕಿಸಿ, ಕಸ ಚರಂಡಿಯ ವಿಷಯವಾದರೆ ಮಹಾನಗರ ಪಾಲಿಕೆಗೆ, ಸದ್ದಿನ ವಿಷಯವಾದರೆ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬೇಕೆಂದು ನಾನು ಒತ್ತಿ ಹೇಳುತ್ತೇನೆ. 1987ರ ಕಾಯ್ದೆಯಡಿ ನಡೆಯುವ ಈ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ಮೊಕದ್ದಮೆ ಹೂಡುವುದಕ್ಕೆ ಮುಂಚೆಯೇ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಲು ಅಲ್ಲಿ ಅವಕಾಶವಿದೆ. ಠಾಣೆಯ ಮೆಟ್ಟಿಲು ಹತ್ತಿ ಬಂದ ಎರಡು ಮನೆಗಳು ಮತ್ತೆ ಒಂದೇ ಕಟ್ಟೆಯ ಮೇಲೆ ಕೂರುವುದು ಕಷ್ಟ. ಪ್ರಾಧಿಕಾರದಲ್ಲಿ ಕೂತು ರಾಜಿಗೆ ಒಪ್ಪಿ ಬಂದವರು ಹಾಗೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಕ್ಕದವರ ಬಾಗಿಲಿಗೆ ಹೋಗುವ ಮುನ್ನಾ ರಾತ್ರಿ ಇನ್ನೊಂದು ಕೆಲಸ ಮಾಡಿ. ಹನ್ನೊಂದು ಗಂಟೆಗೆ ನಿಮ್ಮ ಮನೆಯ ಕೂಲರ್, ಟಿವಿ, ಮೋಟಾರ್ ಎಲ್ಲವನ್ನೂ ದಿನದಂತೆಯೇ ಹಚ್ಚಿಟ್ಟು ಹೊರಗೆ ಬನ್ನಿ, ಅವರ ಕಿಟಕಿಯ ಹತ್ತಿರದ ಓಣಿಯಲ್ಲಿ ಐದು ನಿಮಿಷ ನಿಂತು ಕೇಳಿಸಿಕೊಳ್ಳಿ. ಕೇಳಿದ್ದನ್ನು ಆ ರಾತ್ರಿಯೇ ಸರಿಪಡಿಸಿ, ಬೆಳಿಗ್ಗೆ ಅದೇ ಮಾತಿನಿಂದ ಶುರುಮಾಡಿ: "ಕಾಕಾ, ನಮ್ ಮೋಟಾರ್ ಸದ್ದು ನಿಮಗ ಬರ್ತಿತ್ತೇನೋ, ನಿನ್ನಿ ರಾತ್ರಿ ಸರಿ ಮಾಡೀನ್ರಿ."