ತೀರ ಅಸಮ ಹಂಚಿಕೆಯ ಕೈಗೆ ಬಿಡ್ ಮಾಡುವ ಬಗೆ

ಮುಂಬಯಿಯ ಮಾಟುಂಗದ ನಮ್ಮ ಭಾನುವಾರದ ಬ್ರಿಜ್ ಆಟಕ್ಕೆ (ಇಬ್ಬಿಬ್ಬರ ಎರಡು ಜೋಡಿಗಳು, ಎಷ್ಟು ಪಟ್ಟು ಗೆಲ್ಲುವೆವೆಂದು ಮೊದಲೇ ‘ಬಿಡ್’ ಹೇಳಿ ಆಡುವ ಎಲೆಯಾಟ) ಬರುವ ಗೆಳೆಯರಲ್ಲಿ ಒಂದು ವಿನಂತಿ: ಎಲೆಗಳ ಹಂಚಿಕೆ ತೀರ ಅಸಮವಾಗಿದ್ದಾಗ ದೊಡ್ಡ ಎಲೆಗಳಿಗೆ ಕೊಡುವ ಪಾಯಿಂಟುಗಳಿಗಿಂತ ಮೊದಲು ಕಳೆದುಕೊಳ್ಳಬಹುದಾದ ಪಟ್ಟುಗಳನ್ನು (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತುಗಳನ್ನು) ಎಣಿಸಿರಿ. ಇಸ್ಪೀಟಿನಲ್ಲಿ (ಸ್ಪೇಡ್) ಎಕ್ಕ, ರಾಜ, ರಾಣಿ ಸೇರಿ 6 ಎಲೆ, ಆಟೀನಿನಲ್ಲಿ (ಹಾರ್ಟ್) ರಾಜ, ರಾಣಿ, ಗುಲಾಮ ಸೇರಿ 5, ಉಳಿದೆರಡರಲ್ಲಿ ಒಂದೊಂದು ಸಣ್ಣ ಎಲೆ ಬಂದರೆ ಪಾಯಿಂಟು 15 ಮಾತ್ರ; ಆದರೆ ಹೋಗುವ ಪಟ್ಟುಗಳು ಸುಮಾರು ಮೂರೇ.

ಇಂತಹ ಕೈಯನ್ನು ಎರಡು ಕಳಾವರದಿಂದ (ಕೈ ಬಹಳ ಬಲವಾಗಿದೆ ಎಂದಷ್ಟೇ ತಿಳಿಸುವ ಬಿಡ್) ಆರಂಭಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಎದುರಾಳಿಗಳು ಐದು ಡೈಮನ್ನಿಗೆ ಜಿಗಿದರೆ ನಿಮ್ಮ ಎರಡು ಉದ್ದ ಬಣ್ಣಗಳಲ್ಲಿ (ಹೆಚ್ಚು ಎಲೆಗಳಿರುವ ಜಾತಿಗಳಲ್ಲಿ) ಒಂದನ್ನೂ ಜೊತೆಗಾರರಿಗೆ ತಿಳಿಸಿರುವುದಿಲ್ಲ. ಒಂದು ಇಸ್ಪೀಟಿನಿಂದ ಆರಂಭಿಸಿ, ಬಳಿಕ ಆಟೀನಿಗೆ ಜಿಗಿದು (ಅಗತ್ಯಕ್ಕಿಂತ ಒಂದು ಮಟ್ಟ ಮೇಲೆ ಹೇಳಿ), ಸಾಧ್ಯವಾದರೆ ಅದನ್ನೇ ಮತ್ತೊಮ್ಮೆ ಹೇಳಿರಿ. ಇಷ್ಟು ಅಸಮ ಹಂಚಿಕೆಯಿರುವಾಗ ಮಿಕ್ಕವರ ಕೈಯಲ್ಲಿಯೂ ಉದ್ದ ಬಣ್ಣಗಳಿರುವ ಸಂಭವ ಹೆಚ್ಚಾದ್ದರಿಂದ ಬಿಡ್ ಅಲ್ಲಿಗೇ ನಿಲ್ಲುವುದು ಅಪರೂಪ.

ಯಾವುದಾದರೂ ಬಣ್ಣದಲ್ಲಿ ಒಂದೂ ಎಲೆ ಇಲ್ಲದಿದ್ದಾಗ ಸಾಮಾನ್ಯ ಬ್ಲ್ಯಾಕ್‌ವುಡ್ (ಜೊತೆಗಾರರಲ್ಲಿ ಎಕ್ಕಗಳೆಷ್ಟಿವೆ ಎಂದು ಕೇಳುವ ಬಿಡ್) ಬಳಸಬೇಡಿರಿ. ಜೊತೆಗಾರರ ಎಕ್ಕ ಅದೇ ಬಣ್ಣದ್ದಾಗಿದ್ದರೆ ಅದರಿಂದ ಸಿಗುವ ನೆರವು ಅತ್ಯಲ್ಪ. ಎಕ್ಕಗಳು ಎಷ್ಟು ಎಂಬುದಕ್ಕಿಂತ ಯಾವುವು ಎಂಬುದನ್ನು ತಿಳಿಸುವ ಕ್ಯೂ ಬಿಡ್ ಅಲ್ಲಿ ಹೆಚ್ಚು ಉಪಯುಕ್ತ.