ಕಾಪರ್‌ಬ್ಯಾಂಡ್‌ಗೆ ಮರುವಾಯಿ: ನನ್ನ ಅನುಭವ

"ಕಾಪರ್‌ಬ್ಯಾಂಡ್ ಸಾಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಬಿಟ್ಟುಬಿಡಿ ಮಾರಾಯ್ರೆ" ಅಂತ ಮಂಗಳೂರಿನ ಟ್ಯಾಂಕ್ ಗೆಳೆಯರು ಹೇಳುತ್ತಿದ್ದರು. ಉದ್ದ ಮೂತಿಯ ಆ ಚಿಟ್ಟೆಮೀನು (ಬಟರ್‌ಫ್ಲೈ ಫಿಶ್) ನನ್ನ 400 ಲೀಟರ್ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಹೆಚ್ಚುಕಡಿಮೆ ಒಂದೂವರೆ ವರ್ಷದಿಂದ ದಷ್ಟಪುಷ್ಟವಾಗಿದೆ.

ಹಿಂದೆ ತಂದವೆಲ್ಲ ಹೊಟ್ಟೆಗಿಲ್ಲದೇ ಸತ್ತವು. ಒಂದೊಂದಕ್ಕೂ 4 ಸಾವಿರದ ಹತ್ತಿರ ಸುರಿದಿದ್ದೆ. ಪೆಲೆಟ್ (ಒಣ ಗುಳಿಗೆ ಆಹಾರ) ಕಡೆ ತಿರುಗಿಯೂ ನೋಡಲಿಲ್ಲ. ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಮೂತಿಯ ಮುಂದೆಯೇ ತೇಲಿಹೋದರೂ ಸುಮ್ನೆ ಇರುತ್ತಿದ್ದವು. ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿ) ಹೆಕ್ಕಿದವು, ಆದರೆ ಅದರಲ್ಲಿ ಸತ್ವ ಕಮ್ಮಿ. ತಿನ್ನುತ್ತಲೇ ಸೊರಗಿದವು. ಒಂದು ಅಂಗಡಿಯವರಂತೂ ತಿಂಗಳಿಂದ ತಿನ್ನುತ್ತಿದೆ ಅಂತ ಹೇಳಿ ಕೊಟ್ಟ ಮೀನು ನಾಲ್ಕೈದು ದಿನವೂ ಉಳಿಯಲಿಲ್ಲ. ನಿಮ್ಮ ಕಣ್ಣೆದುರು ತಿನ್ನದಿದ್ದರೆ ದುಡ್ಡು ಕೊಡಬೇಡಿ.

ಅಂಡಮಾನ್ ಸಮುದ್ರದಿಂದ ಜಪಾನಿನ ರ್ಯೂಕ್ಯೂ ದ್ವೀಪಗಳು, ಆಸ್ಟ್ರೇಲಿಯಾದವರೆಗೆ ಇದರ ಊರು. ದಡದ ಹತ್ತಿರದ ಹವಳದ ದಿಬ್ಬ, ಕಲ್ಲುಬಂಡೆ, ಅಳಿವೆಯ ಕದಡಿದ ನೀರಿನಲ್ಲೂ ಬದುಕುತ್ತದೆ. ಆ ಉದ್ದ ಮೂತಿಯನ್ನು ಬಿರುಕಿಗೆ ತೂರಿಸಿ ಹುಳಹುಪ್ಪಟೆ ಎಳೆದು ತಿನ್ನುವುದೇ ಅದರ ಕೆಲಸ. ಹಾಗಾದರೆ ಊಟವೂ ಬಿರುಕಿನಲ್ಲೇ ಇರಬೇಕು ಅಲ್ವಾ? ನಮ್ಮ ಅಳಿವೆಯಲ್ಲೇ ಮರುವಾಯಿ (ಎರಡು ಚಿಪ್ಪಿನ ಮೃದ್ವಂಗಿ, ಕ್ಲಾಮ್) ಸಿಗುವಾಗ ಬೇರೆ ಯಾಕೆ?

ಎರಡು ದಿನ ಫ್ರೀಜರ್‌ನಲ್ಲಿಟ್ಟ ಮರುವಾಯಿಯನ್ನು ಕರಗಿಸಿ, ತೊಳೆದು, ಪೂರ್ತಿ ಬಿಚ್ಚಿ ಇಟ್ಟೆ. ಹತ್ತಿರ ಬರಲಿಲ್ಲ. ಇನ್ನೊಂದರ ಚಿಪ್ಪನ್ನು ಅರ್ಧ ಸೆಂಟಿಮೀಟರ್‌ನಷ್ಟೇ ತೆರೆದು ಕಲ್ಲಿನ ಸಂದಿಗೆ ಸಿಕ್ಕಿಸಿದೆ. ಮೀನು ತಲೆ ಕೆಳಗಾಗಿ ನಿಂತಿತು. ಒಂದು ಕಣ್ಣಲ್ಲಿ ನೋಡಿತು, ಹೊರಳಿ ಇನ್ನೊಂದು ಕಣ್ಣಲ್ಲಿ ನೋಡಿತು. ಬೆನ್ನಿನ ಮುಳ್ಳುಗಳು ನಿಮಿರಿದವು. ಮೂತಿ ಒಳಗೆ ಹೋಯಿತು, ಮಾಂಸದ ಒಂದು ಎಳೆ ಹೊರಗೆ ಬಂತು. ಸಂಜೆಗೆ ಚಿಪ್ಪು ಖಾಲಿ!

ಚಿಪ್ಪಿಗೆ ಮೊದಲ ವಾರ ಏನು ಸವರಿದ್ದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸವರದೆಯೂ ಕೆಲಸ ಆಗುತ್ತದೆ, ನಿಧಾನ ಅಷ್ಟೇ. ಆಮೇಲೆ ಖಾಲಿ ಚಿಪ್ಪಿಗೆ ಮೈಸಿಸ್ ತುಂಬಿ ಕೊಟ್ಟೆ. ಸುಮಾರು ಒಂದೂವರೆ ತಿಂಗಳಲ್ಲಿ ತೇಲುವ ಮೈಸಿಸ್ ಕೂಡ ಹಿಡಿಯತೊಡಗಿತು.

ನಡುವೆ ಪಚ್ಚಿಲೆಯನ್ನೂ (ಹಸಿರು ಚಿಪ್ಪಿನ ಮಸೆಲ್) ಕೊಟ್ಟು ನೋಡಿದೆ. ಮಾಂಸ ದೊಡ್ಡದು, ಅರ್ಧ ಉಳಿದು ಕೊಳೆತು ನೀರಿನಲ್ಲಿ ನೈಟ್ರೇಟ್ ಏರಿತು, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್‌ನ ಕಪ್ ದಿನಕ್ಕೆರಡು ಸಲ ತುಂಬಿತು. ಏಪ್ಟೇಸಿಯಾ (ಟ್ಯಾಂಕ್‌ಗಳಲ್ಲಿ ಕಳೆಯಂತೆ ಹಬ್ಬುವ ಸಮುದ್ರಹೂವು) ಹತ್ತಿದ ಕಲ್ಲೊಂದನ್ನು ಗೆಳೆಯರಿಂದ ತಂದಿಟ್ಟೆ, ಎರಡು ವಾರದೊಳಗೆ ಬೋಳಾಯಿತು. ಜೊತೆಗೆ ನನ್ನ ಫೆದರ್ ಡಸ್ಟರ್ ಹುಳಗಳೂ (ಗರಿಯಂಥ ಕಿರೀಟದ ಕೊಳವೆಹುಳ) ಹೋದವು. ಅವು ಬೇಕು ಅನ್ನುವವರು ಈ ಮೀನಿಗೆ ಕೈ ಹಾಕಬೇಡಿ.

ನೂರು ಮರುವಾಯಿ ತಂದರೆ ನನಗೆ ಹತ್ತಿರಹತ್ತಿರ ಎರಡು ತಿಂಗಳು ಸಾಕು. ಮಳೆಗಾಲದಲ್ಲಿ ಸಿಗುವುದು ಕಷ್ಟ, ಮೇ ತಿಂಗಳಲ್ಲೇ ಫ್ರೀಜರ್ ತುಂಬಿಸಿಕೊಳ್ಳಿ.