ಅಟ್ಟವೇ ಮಗನ ಕೋಣೆಯಾಯಿತು

ಅತ್ತೆಯವರು ನಮ್ಮಲ್ಲೇ ಇರಲು ಬಂದಾಗ ಮಗನಿಗೆ ಓದಲು ಜಾಗವಿಲ್ಲದಾಯಿತು. ಮೂಡಿಗೆರೆ ಕಡೆಯ ಹೆಂಚಿನ ಮನೆ ನಮ್ಮದು. ಪಕ್ಕಕ್ಕೆ ಕೋಣೆ ಎಳೆಯೋಣವೆಂದರೆ ಒಂದು ಬದಿ ಧರೆ (ಕಡಿದಾದ ಮಣ್ಣಿನ ದಿಬ್ಬ), ಇನ್ನೊಂದು ಬದಿ ಕಾಫಿ ಕಣ. ಉಳಿದದ್ದು ಮೂಟೆ, ಹಳೇ ಹಂಡೆ ತುಂಬಿದ್ದ ಅಟ್ಟ.

ಮೊದಲು ಮರಗೆಲಸದ ಆಚಾರರನ್ನು ಕರೆಸಿದೆ. ಅವರು ಪ್ರತಿ ತೊಲೆಯನ್ನೂ ಉಳಿಯಿಂದ ಚುಚ್ಚಿ ನೋಡಿದರು. ಎರಡು ತೊಲೆಗಳ ತುದಿ, ಗೋಡೆಯೊಳಗೆ ಕೂತ ಭಾಗ, ಗೆದ್ದಲು ತಿಂದು ಟೊಳ್ಳಾಗಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಯೇ! ಅವನ್ನು ಬದಲಿಸದೆ ಹಲಗೆ ಹಾಸಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ನಡುಗುತ್ತದೆ. ದಯವಿಟ್ಟು ಈ ಪರೀಕ್ಷೆ ಬಿಡಬೇಡಿ.

ಬೇಸಿಗೆಯ ಸೆಕೆ ಮತ್ತೊಂದು ತೊಂದರೆ. ಹೆಂಚಿನಡಿ ಹಲಗೆ ಹೊಡೆಸಿ, ನಡುವೆ 4 ಇಂಚು ಗಾಳಿಯಾಡಲು ಬಿಟ್ಟೆವು. ಬಿಸಿಗಾಳಿ ಮೇಲಕ್ಕೇರುತ್ತದಲ್ಲ, ಅದು ಹೊರಹೋಗಲೆಂದು ಎರಡೂ ಕಡೆಯ ಮುಕ್ಕೋನದ ಗೋಡೆಗಳ ನೆತ್ತಿಯಲ್ಲಿ ಜಾಲಂಧ್ರ ಇಟ್ಟೆವು. 4 ಗಾಜಿನ ಹೆಂಚು ಹಾಕಿದ್ದರಿಂದ ಹಗಲು ದೀಪ ಬೇಡ.

ನಡುವೆ 7.5 ಅಡಿ ಎತ್ತರ ಸಿಕ್ಕಿತು. ಮಾಡು ತಗ್ಗುವ ಬದಿಗಳಲ್ಲಿ ಹಾಸಿಗೆ, ಪುಸ್ತಕದ ಪೆಟ್ಟಿಗೆ. ಏಣಿ ತೆಗೆಸಿ ಕೈಹಿಡಿ ಇರುವ ಮೆಟ್ಟಿಲು ಮಾಡಿಸಿದೆವು.

ಆಷಾಢದ ಮಳೆಗೆ ಒಂದು ಹನಿಯೂ ಸೋರಲಿಲ್ಲ. ಅತ್ತೆಯವರಿಗೆ ಕೆಳಗಿನ ಕೋಣೆ. ಮಗ ಮೇಲೆ ಓದುತ್ತಾ ಕೂತಿರುತ್ತಾನೆ.